ಚೀಸ್‌ನ ರುಚಿಯಲ್ಲಿ ಹಾಲು ಮತ್ತು ಮೇವಿನ ಪಾತ್ರ

(ಹೈನುರಾಸು ಸಾಕಣೆದಾರರು, ಹಾಲು ಉತ್ಪಾದಕರ ಸಹಕಾರ ಸಂಘಗಳು ಹಾಗೂ ಸಾರ್ವಜನಿಕರ ಮಾಹಿತಿಗಾಗಿ)

1. ಪೀಠಿಕೆ

ರಾಜ್ಯದ ನಗರಗಳಲ್ಲಿ ಮಾತ್ರವಲ್ಲದೆ ತಾಲ್ಲೂಕು ಕೇಂದ್ರಗಳಲ್ಲಿಯೂ ಈಗ ಚೀಸ್ ದೊರೆಯುತ್ತದೆ. ಆದರೆ ಒಂದು ಚೀಸ್‌ಗೂ ಮತ್ತೊಂದು ಚೀಸ್‌ಗೂ ರುಚಿಯಲ್ಲಿ ಇಷ್ಟೊಂದು ವ್ಯತ್ಯಾಸ ಏಕೆ ಎಂಬ ಪ್ರಶ್ನೆಗೆ ಸಾಮಾನ್ಯವಾಗಿ ತಯಾರಿಕಾ ವಿಧಾನದಲ್ಲಿ ಮಾತ್ರ ಉತ್ತರ ಹುಡುಕಲಾಗುತ್ತದೆ. ವಾಸ್ತವದಲ್ಲಿ ಹಾಲು ಯಾವ ಪ್ರಾಣಿಯದು, ಆ ಪ್ರಾಣಿ ಏನನ್ನು ಮೇಯ್ದಿದೆ ಎಂಬ ಎರಡು ಅಂಶಗಳು ಚೀಸ್ ತಯಾರಿಕೆಗೆ ಮೊದಲೇ ರುಚಿಯ ಬುನಾದಿಯನ್ನು ಹಾಕಿರುತ್ತವೆ.

ಕನ್ನಡ ನಿಘಂಟುಗಳಲ್ಲಿ ಚೀಸ್ ಎಂಬ ಪದಕ್ಕೆ ಗಿಣ್ಣು ಎಂಬ ಅರ್ಥ ಕಂಡುಬರುತ್ತದೆ. ಆದರೆ ನಮ್ಮ ಹಳ್ಳಿಗಳಲ್ಲಿ ಗಿಣ್ಣು ಎಂದರೆ ರಾಸು ಈದ ಮೊದಲ ದಿನಗಳಲ್ಲಿ ಕರೆದ ಗಟ್ಟಿ ಹಾಲು ಮತ್ತು ಅದರಿಂದ ಮಾಡುವ ತಿನಿಸು. ಗೊಂದಲಕ್ಕೆ ಎಡೆಯಾಗದಿರಲೆಂದು ಈ ಲೇಖನದಲ್ಲಿ ಚೀಸ್ ಎಂಬ ಪದವನ್ನೇ ಬಳಸಲಾಗಿದೆ.

ಓದುಗರು ಮುಖ್ಯವಾಗಿ ಗಮನಿಸಬೇಕಾದ ಅಂಶ ಒಂದೇ. ಮೇವಿನಿಂದ ಹಾಲಿಗೆ ಬಂದ ಗುಣವನ್ನಾಗಲೀ ದೋಷವನ್ನಾಗಲೀ ಚೀಸ್ ಹಲವು ಪಟ್ಟು ಎತ್ತಿ ತೋರಿಸುತ್ತದೆ. ಕೊಟ್ಟಿಗೆಯಲ್ಲಿ ಆದ ತಪ್ಪನ್ನು ಕಾರ್ಖಾನೆಯಲ್ಲಿ ಸರಿಪಡಿಸುವುದು ಕಷ್ಟ, ಕೆಲವು ಸಂದರ್ಭಗಳಲ್ಲಿ ಅಸಾಧ್ಯ.

2. ಹಾಲು ಚೀಸ್ ಆಗುವ ಬಗೆ

ಚೀಸ್ ತಯಾರಿಕೆಯಲ್ಲಿ ಹಾಲಿಗೆ ಮೊದಲು ಲ್ಯಾಕ್ಟಿಕ್ ಆಮ್ಲ ಉತ್ಪಾದಿಸುವ ಬ್ಯಾಕ್ಟೀರಿಯಾಗಳ ಹೆಪ್ಪನ್ನು, ಅನಂತರ ರೆನ್ನೆಟ್ ಎಂಬ ಕಿಣ್ವವನ್ನು ಸೇರಿಸಲಾಗುತ್ತದೆ. ಹಾಲಿನ ಕೇಸೀನ್ ಪ್ರೋಟೀನ್ ಗಟ್ಟಿಯಾಗಿ ಬಲೆಯಂತೆ ಹೆಣೆದುಕೊಂಡು ಜಿಡ್ಡನ್ನು ಒಳಗೆ ಹಿಡಿದಿಟ್ಟುಕೊಳ್ಳುತ್ತದೆ. ಇದನ್ನು ಕತ್ತರಿಸಿ, ಹಾಲೊಡಕು ನೀರನ್ನು ಬಸಿದು, ಉಪ್ಪು ಸೇರಿಸಿ, ಅಚ್ಚಿನಲ್ಲಿ ಒತ್ತಿ, ತಂಪು ಕೋಣೆಯಲ್ಲಿ ಹಣ್ಣಾಗಲು ಇಡಲಾಗುತ್ತದೆ. ಹಣ್ಣಾಗುವ ಅವಧಿ ಕೆಲವು ದಿನಗಳಿಂದ ಮೂರು ವರ್ಷಗಳವರೆಗೂ ಇರಬಹುದು.

ಗಟ್ಟಿ ಜಾತಿಯ ಒಂದು ಕಿಲೊ ಚೀಸ್‌ಗೆ ಸುಮಾರು 10 ಲೀಟರ್ ಹಸುವಿನ ಹಾಲು ಬೇಕಾಗುತ್ತದೆ. ನೀರಿನ ಬಹುಭಾಗ ಹಾಲೊಡಕಿನೊಂದಿಗೆ ಹೊರಹೋಗಿ ಜಿಡ್ಡು ಮತ್ತು ಕೇಸೀನ್ ಉಳಿಯುತ್ತವೆ. ಮೇವಿನಿಂದ ಬರುವ ಪರಿಮಳ ಮತ್ತು ದುರ್ವಾಸನೆಯ ಅಂಶಗಳಲ್ಲಿ ಹೆಚ್ಚಿನವು ಜಿಡ್ಡಿನಲ್ಲಿ ಕರಗುವಂಥವು. ಆದುದರಿಂದ ಅವು ಹಾಲೊಡಕಿನೊಂದಿಗೆ ಹೋಗದೆ ಚೀಸ್‌ನಲ್ಲಿಯೇ ಉಳಿಯುತ್ತವೆ. ಒಂದು ಲೋಟ ಹಾಲಿನಲ್ಲಿ ನಾಲಿಗೆಗೆ ತಿಳಿಯದ ಸಣ್ಣ ವಾಸನೆ ಚೀಸ್‌ನಲ್ಲಿ ಎದ್ದು ಕಾಣಲು ಇದೇ ಕಾರಣ.

3. ಪ್ರಾಣಿಯಿಂದ ಪ್ರಾಣಿಗೆ ಹಾಲಿನ ವ್ಯತ್ಯಾಸ

ಚೀಸ್ ತಯಾರಿಕೆಗೆ ಹೆಚ್ಚಾಗಿ ಬಳಕೆಯಾಗುವ ನಾಲ್ಕು ಬಗೆಯ ಹಾಲಿನ ಸಾಮಾನ್ಯ ಸಂಯೋಜನೆ ಈ ಕೆಳಕಂಡಂತಿದೆ. ತಳಿ, ಮೇವು ಮತ್ತು ಕರಾವಿನ ಹಂತವನ್ನು ಅನುಸರಿಸಿ ಈ ಅಂಕಿಗಳು ಹೆಚ್ಚು ಕಡಿಮೆಯಾಗುತ್ತವೆ.

ಹಸು: ಜಿಡ್ಡು ಶೇ. 3.5ರಿಂದ 4.5, ಪ್ರೋಟೀನ್ ಶೇ. 3.2ರಿಂದ 3.5
ಎಮ್ಮೆ: ಜಿಡ್ಡು ಶೇ. 6ರಿಂದ 8, ಪ್ರೋಟೀನ್ ಶೇ. 4ರಿಂದ 4.5
ಕುರಿ: ಜಿಡ್ಡು ಶೇ. 6ರಿಂದ 7.5, ಪ್ರೋಟೀನ್ ಶೇ. 5ರಿಂದ 6
ಆಡು: ಜಿಡ್ಡು ಶೇ. 3.5ರಿಂದ 4.5, ಪ್ರೋಟೀನ್ ಶೇ. 3ರಿಂದ 3.5

ಅ) ಹಸುವಿನ ಹಾಲು: ಇದರ ರುಚಿ ಸೌಮ್ಯ. ಹೆಪ್ಪಿನ ಬ್ಯಾಕ್ಟೀರಿಯಾ ಮತ್ತು ಮಾಗುವಿಕೆಯಿಂದ ಬರುವ ರುಚಿಗಳು ಇದರಲ್ಲಿ ಸ್ಪಷ್ಟವಾಗಿ ಮೂಡುತ್ತವೆ. ಚೆಡ್ಡಾರ್, ಗೌಡಾ, ಎಮೆಂಟಾಲ್ ಮುಂತಾದ ಪ್ರಸಿದ್ಧ ಚೀಸ್‌ಗಳು ಹಸುವಿನ ಹಾಲಿನವು.

ಆ) ಎಮ್ಮೆ ಹಾಲು: ಜಿಡ್ಡು ಅಧಿಕವಾದುದರಿಂದ ಇಳುವರಿ ಹೆಚ್ಚು, ಬಣ್ಣ ಅಚ್ಚ ಬಿಳಿ. ಇಟಲಿಯ ಕಂಪಾನಿಯಾ ಪ್ರಾಂತ್ಯದ ಎಮ್ಮೆ ಹಾಲಿನ ಮೊಜ್ಜರೆಲ್ಲಾ ಚೀಸ್‌ಗೆ 1996ರಲ್ಲಿ ಐರೋಪ್ಯ ಒಕ್ಕೂಟದ ಸಂರಕ್ಷಿತ ಮೂಲನಾಮದ ಮಾನ್ಯತೆ ದೊರೆತಿದೆ. ಅಲ್ಲಿನ ಎಮ್ಮೆಗಳು ನಮ್ಮ ಎಮ್ಮೆಗಳಂತೆಯೇ ನದಿ ಎಮ್ಮೆ ಎಂಬ ಬಗೆಗೆ ಸೇರಿದವು ಮತ್ತು ಈ ಬಗೆಯನ್ನು ಮೊದಲು ಪಳಗಿಸಿದ್ದು ಭಾರತ ಉಪಖಂಡದಲ್ಲಿ ಎಂಬುದು ಗಮನಾರ್ಹ. ಆದರೆ ಚೆಡ್ಡಾರ್‌ನಂತಹ ದೀರ್ಘಕಾಲ ಮಾಗುವ ಚೀಸ್‌ಗೆ ಎಮ್ಮೆ ಹಾಲನ್ನು ಬಳಸಿದಾಗ ಚೀಸ್ ಗಡುಸಾಗಿ, ರುಚಿ ನಿಧಾನವಾಗಿ ಮೂಡುತ್ತದೆ. ಹಾಲು ದಪ್ಪವಾಗಿದ್ದ ಮಾತ್ರಕ್ಕೆ ಎಲ್ಲ ಬಗೆಯ ಚೀಸ್‌ಗೂ ಅದು ಉತ್ತಮವೆಂದು ಭಾವಿಸತಕ್ಕದ್ದಲ್ಲ.

ಇ) ಕುರಿ ಹಾಲು: ಜಿಡ್ಡು ಮತ್ತು ಪ್ರೋಟೀನ್ ಎರಡೂ ಅಧಿಕವಿರುವುದರಿಂದ ಐದಾರು ಲೀಟರ್ ಹಾಲಿಗೆ ಒಂದು ಕಿಲೊ ಚೀಸ್ ದೊರೆಯುತ್ತದೆ. ಫ್ರಾನ್ಸ್ ದೇಶದ ರೊಕ್‌ಫೋರ್ ಚೀಸ್ ಅನ್ನು ಲಕೋನ್ ತಳಿಯ ಕುರಿಗಳ ಹಸಿ ಹಾಲಿನಿಂದ ಮಾತ್ರ ತಯಾರಿಸಬೇಕೆಂಬ ನಿಯಮವಿದೆ. ನೀಲಿ ಬೂಸು ಈ ಹಾಲಿನ ಜಿಡ್ಡನ್ನು ಒಡೆದು ಖಾರವಾದ ವಿಶಿಷ್ಟ ರುಚಿಯನ್ನು ಉಂಟುಮಾಡುತ್ತದೆ. ಗ್ರೀಸ್ ದೇಶದ ಫೆಟಾ ಚೀಸ್‌ನಲ್ಲಿ ಕುರಿ ಹಾಲು ಕನಿಷ್ಠ ಶೇ. 70 ಇರಬೇಕು. ಉಳಿದದ್ದು ಆಡಿನ ಹಾಲಾಗಿರಬಹುದೇ ಹೊರತು ಹಸುವಿನ ಹಾಲಿಗೆ ಅವಕಾಶವಿಲ್ಲ.

ಈ) ಆಡಿನ ಹಾಲು: ಕ್ಯಾಪ್ರೋಯಿಕ್, ಕ್ಯಾಪ್ರಿಲಿಕ್ ಮತ್ತು ಕ್ಯಾಪ್ರಿಕ್ ಎಂಬ ಮೂರು ಕೊಬ್ಬಿನಾಮ್ಲಗಳು ಆಡಿನ ಹಾಲಿನ ಜಿಡ್ಡಿನಲ್ಲಿ ಹಸುವಿನ ಹಾಲಿನ ಜಿಡ್ಡಿಗಿಂತ ಬಹಳ ಹೆಚ್ಚು. ಲ್ಯಾಟಿನ್ ಭಾಷೆಯಲ್ಲಿ ಆಡಿಗೆ ಕಾಪ್ರಾ ಎನ್ನುತ್ತಾರೆ. ಈ ಆಮ್ಲಗಳಿಗೆ ಹೆಸರು ಬಂದಿರುವುದೇ ಅದರಿಂದ. ಇವಲ್ಲದೆ ಕವಲೊಡೆದ ಸರಪಳಿಯ ಕೆಲವು ಕೊಬ್ಬಿನಾಮ್ಲಗಳು ಅತ್ಯಲ್ಪ ಪ್ರಮಾಣದಲ್ಲಿದ್ದರೂ ಆಡಿನ ವಾಸನೆಯನ್ನು ನೀಡುತ್ತವೆ. ಜಿಡ್ಡಿಗೆ ಅಂಟಿಕೊಂಡಿರುವವರೆಗೆ ಇವುಗಳ ವಾಸನೆ ತಿಳಿಯುವುದಿಲ್ಲ. ಹಾಲನ್ನು ಹೆಚ್ಚು ಕುಲುಕಿದಾಗ ಅಥವಾ ತಂಪು ಮಾಡದೆ ಇಟ್ಟಾಗ ಕಿಣ್ವಗಳು ಜಿಡ್ಡನ್ನು ಒಡೆದು ಆಮ್ಲಗಳು ಬಿಡುಗಡೆಯಾಗಿ ವಾಸನೆ ತೀಕ್ಷ್ಣವಾಗುತ್ತದೆ. ಆಡಿನ ಹಾಲು ಸ್ವಭಾವತಃ ನಾರುತ್ತದೆ ಎಂಬುದು ಪೂರ್ಣ ಸತ್ಯವಲ್ಲ. ಜೋಪಾನವಾಗಿ ಕರೆದು ಕೂಡಲೇ ತಂಪು ಮಾಡಿದ ಆಡಿನ ಹಾಲಿನಲ್ಲಿ ವಾಸನೆ ಅತಿ ಕಡಿಮೆ.

4. ಮೇವು ಹಾಲನ್ನು ಸೇರುವ ನಾಲ್ಕು ದಾರಿಗಳು

ಮೇವಿನ ಪ್ರಭಾವ ಹಾಲನ್ನು ಒಂದೇ ದಾರಿಯಲ್ಲಿ ತಲುಪುವುದಿಲ್ಲ. ದಾರಿ ಯಾವುದೆಂದು ತಿಳಿದರೆ ಮಾತ್ರ ಅದನ್ನು ತಡೆಯುವ ಅಥವಾ ಉಪಯೋಗಿಸಿಕೊಳ್ಳುವ ಕ್ರಮ ತಿಳಿಯುತ್ತದೆ.

ಮೊದಲನೆಯದು ಉಸಿರಿನ ದಾರಿ. ಬೆಳ್ಳುಳ್ಳಿ, ಈರುಳ್ಳಿ ಅಥವಾ ಘಾಟು ವಾಸನೆಯ ಮೇವನ್ನು ರಾಸು ಮೂಸಿದಾಗ ಇಲ್ಲವೇ ತಿಂದು ತೇಗಿದಾಗ ಅದರ ವಾಸನೆ ಶ್ವಾಸಕೋಶದ ಮೂಲಕ ರಕ್ತವನ್ನು, ರಕ್ತದ ಮೂಲಕ ಕೆಚ್ಚಲನ್ನು ಸೇರುತ್ತದೆ. ಇದಕ್ಕೆ ಹೆಚ್ಚು ಸಮಯ ಬೇಕಿಲ್ಲ. ಕೆಲವು ಗಂಟೆಗಳು ಕಳೆದರೆ ವಾಸನೆ ತಾನಾಗಿಯೇ ಇಳಿಯುತ್ತದೆ.

ಎರಡನೆಯದು ಜೀರ್ಣದ ದಾರಿ. ಮೇವಿನಲ್ಲಿರುವ ಬಣ್ಣ ಮತ್ತು ಪರಿಮಳದ ಅಂಶಗಳು ಕರುಳಿನಿಂದ ರಕ್ತಕ್ಕೆ, ಅಲ್ಲಿಂದ ಹಾಲಿನ ಜಿಡ್ಡಿಗೆ ಸೇರುತ್ತವೆ.

ಮೂರನೆಯದು ಜಿಡ್ಡಿನ ರಚನೆಯ ದಾರಿ. ಮೆಲುಕು ಹಾಕುವ ಪ್ರಾಣಿಯ ಮೊದಲ ಹೊಟ್ಟೆಯಲ್ಲಿ ನಾರು ಹುದುಗಿ ಉಂಟಾಗುವ ಅಂಶಗಳಿಂದ ಕೆಚ್ಚಲು ಸಣ್ಣ ಸರಪಳಿಯ ಕೊಬ್ಬಿನಾಮ್ಲಗಳನ್ನು ತಯಾರಿಸುತ್ತದೆ. ಉದ್ದ ಸರಪಳಿಯ ಕೊಬ್ಬಿನಾಮ್ಲಗಳಲ್ಲಿ ಹೆಚ್ಚಿನ ಪಾಲು ಮೇವಿನಿಂದ ಹಾಗೂ ದೇಹದ ಕೊಬ್ಬಿನಿಂದ ಬರುತ್ತದೆ. ಮೇವು ಬದಲಾದರೆ ಇವೆರಡರ ಪ್ರಮಾಣ ಬದಲಾಗುತ್ತದೆ. ಚೀಸ್‌ನ ಖಾರ ಮತ್ತು ಘಮ ಸಣ್ಣ ಸರಪಳಿಯ ಆಮ್ಲಗಳನ್ನು ಬಹುಮಟ್ಟಿಗೆ ಅವಲಂಬಿಸಿದೆ.

ಈ ಮೂರನೆಯ ದಾರಿಗೆ ನಮ್ಮ ದೇಶದ ಕಾನೂನಿನಲ್ಲಿಯೇ ಉದಾಹರಣೆಯಿದೆ. ತುಪ್ಪದ ಶುದ್ಧತೆಯನ್ನು ಅಳೆಯುವ ರೈಕರ್ಟ್ ಮೌಲ್ಯವು ಸಣ್ಣ ಸರಪಳಿಯ ಕೊಬ್ಬಿನಾಮ್ಲಗಳ ಅಳತೆಯಾಗಿದೆ. ಹತ್ತಿಬೀಜವನ್ನು ಹೆಚ್ಚಾಗಿ ತಿನ್ನಿಸುವ ಪ್ರದೇಶಗಳಲ್ಲಿ ಶುದ್ಧ ತುಪ್ಪದಲ್ಲಿಯೂ ಈ ಮೌಲ್ಯ ಕಡಿಮೆ ಬರುತ್ತದೆ. ಆದುದರಿಂದ 2011ರ ಆಹಾರ ಸುರಕ್ಷತಾ ವಿನಿಯಮಗಳಲ್ಲಿ ಇಂತಹ ಪ್ರದೇಶಗಳನ್ನು ಹತ್ತಿ ವಲಯವೆಂದು ಪ್ರತ್ಯೇಕವಾಗಿ ಗುರುತಿಸಿ ಅವಕ್ಕೆ ಬೇರೆ ಮಿತಿಯನ್ನು ನಿಗದಿಪಡಿಸಲಾಗಿತ್ತು. ರಾಸು ತಿಂದದ್ದು ತುಪ್ಪದ ಡಬ್ಬಿಯವರೆಗೂ ಬರುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ.

ನಾಲ್ಕನೆಯದು ಹೊರಗಿನ ದಾರಿ. ಮೇವಿನ ಧೂಳು, ಸಗಣಿ ಮತ್ತು ಅವುಗಳಲ್ಲಿರುವ ಸೂಕ್ಷ್ಮಜೀವಿಗಳು ಮೊಲೆತೊಟ್ಟು, ಕೈ ಮತ್ತು ಪಾತ್ರೆಗಳ ಮೂಲಕ ಹಾಲನ್ನು ಸೇರುತ್ತವೆ. ಎಮೆಂಟಾಲ್ ಚೀಸ್‌ನ ಪ್ರಸಿದ್ಧ ತೂತುಗಳು ಬ್ಯಾಕ್ಟೀರಿಯಾಗಳು ಹೊರಬಿಡುವ ಅನಿಲದಿಂದ ಆಗುತ್ತವೆ. ಆದರೆ ಆ ಅನಿಲ ಗುಳ್ಳೆಯಾಗಲು ಆಸರೆ ಕೊಡುವುದು ಹಾಲಿಗೆ ಬಿದ್ದ ಒಣಹುಲ್ಲಿನ ಅತಿ ಸೂಕ್ಷ್ಮ ಕಣಗಳು ಎಂದು ಸ್ವಿಟ್ಜರ್ಲೆಂಡಿನ ಆಗ್ರೊಸ್ಕೋಪ್ ಎಂಬ ಸರ್ಕಾರಿ ಕೃಷಿ ಸಂಶೋಧನಾ ಸಂಸ್ಥೆ 2015ರಲ್ಲಿ ಪ್ರಕಟಿಸಿತು. ಹಾಲು ಕರೆಯುವ ವ್ಯವಸ್ಥೆ ಹೆಚ್ಚು ಶುಚಿಯಾದಂತೆ ತೂತುಗಳು ಕಡಿಮೆಯಾದದ್ದು ಇದರಿಂದಲೇ ಎಂದು ಆ ಸಂಸ್ಥೆ ವಿವರಿಸಿತು.

5. ಬಣ್ಣ ಮತ್ತು ಮೃದುತ್ವ

ಹಸಿರು ಮೇವಿನಲ್ಲಿ ಬೀಟಾ ಕ್ಯಾರೊಟೀನ್ ಎಂಬ ಹಳದಿ ವರ್ಣಕ ಹೇರಳವಾಗಿರುತ್ತದೆ. ಹಸು ಅದರ ಒಂದು ಭಾಗವನ್ನು ಹಾಗೆಯೇ ಹಾಲಿಗೆ ಬಿಡುತ್ತದೆ. ಎಮ್ಮೆ, ಕುರಿ ಮತ್ತು ಆಡು ಬಹುಪಾಲು ಕ್ಯಾರೊಟೀನ್ ಅನ್ನು ಎ ಜೀವಸತ್ವವಾಗಿ ಪರಿವರ್ತಿಸಿಕೊಳ್ಳುವುದರಿಂದ ಅವುಗಳ ಹಾಲು ಬೆಳ್ಳಗಿರುತ್ತದೆ. ಹುಲ್ಲನ್ನು ಬಿಸಿಲಿನಲ್ಲಿ ಒಣಗಿಸಿದಾಗ ಕ್ಯಾರೊಟೀನ್ ನಷ್ಟವಾಗುವುದರಿಂದ ಒಣಹುಲ್ಲು ತಿಂದ ಹಸುವಿನ ಹಾಲಿನ ಚೀಸ್ ತಿಳಿ ಬಣ್ಣದ್ದಾಗಿರುತ್ತದೆ.

ಹಸಿ ಹುಲ್ಲು ಮೇಯ್ದ ಹಸುವಿನ ಹಾಲಿನ ಜಿಡ್ಡಿನಲ್ಲಿ ಅಪರ್ಯಾಪ್ತ ಕೊಬ್ಬಿನಾಮ್ಲಗಳು ಹೆಚ್ಚಾಗಿದ್ದು, ಬೆಣ್ಣೆ ಮತ್ತು ಚೀಸ್ ಮೃದುವಾಗುತ್ತವೆ. ಒಣಮೇವು ಮತ್ತು ದಾಣಿಯನ್ನು ಹೆಚ್ಚಾಗಿ ಅವಲಂಬಿಸಿದಾಗ ಅವು ಗಡುಸಾಗುತ್ತವೆ. ಚೀಸ್‌ನ ಮೃದುತ್ವ ಬಾಯಲ್ಲಿ ಅದು ಕರಗುವ ವೇಗವನ್ನು, ತನ್ಮೂಲಕ ರುಚಿ ತಿಳಿಯುವ ರೀತಿಯನ್ನೂ ಬದಲಿಸುತ್ತದೆ.

6. ಹುಲ್ಲುಗಾವಲಿನ ಚೀಸ್: ಫ್ರಾನ್ಸ್‌ನ ಕೊಂತೆ

ಮೇವನ್ನು ಗುಣದ ಮೂಲವಾಗಿ ಕಾಪಾಡಿಕೊಂಡು ಬಂದ ಚೀಸ್‌ಗಳಲ್ಲಿ ಕೊಂತೆ ಮುಖ್ಯವಾದುದು. ಫ್ರಾನ್ಸ್‌ನ ಪೂರ್ವ ಭಾಗದ ಜೂರಾ ಬೆಟ್ಟಸೀಮೆಯ ಈ ಚೀಸ್‌ಗೆ 1958ರಿಂದ ಮೂಲನಾಮದ ರಕ್ಷಣೆ ಇದೆ. ಮೊಂಬೆಲಿಯಾರ್ಡ್ ಮತ್ತು ಫ್ರೆಂಚ್ ಸಿಮೆಂಟಾಲ್ ತಳಿಯ ಹಸುಗಳ ಹಸಿ ಹಾಲನ್ನು ಮಾತ್ರ ಬಳಸಬೇಕು. ಪ್ರತಿ ಹಸುವಿಗೆ ಕನಿಷ್ಠ ಒಂದು ಹೆಕ್ಟೇರ್ ಹುಲ್ಲುಗಾವಲು ಇರಬೇಕು. ಬೇಸಿಗೆಯಲ್ಲಿ ಹಸಿ ಹುಲ್ಲು, ಚಳಿಗಾಲದಲ್ಲಿ ಒಣಹುಲ್ಲು ನೀಡಬೇಕು. ರಸಮೇವು, ಅಂದರೆ ಸೈಲೇಜ್, ನಿಷಿದ್ಧ.

ಸುಮಾರು 40 ಕಿಲೊ ತೂಗುವ ಒಂದು ಕೊಂತೆ ಚಕ್ರಕ್ಕೆ ಸುಮಾರು 400 ಲೀಟರ್ ಹಾಲು ಬೇಕು. ಒಬ್ಬ ಸಣ್ಣ ರೈತನಿಗೆ ಒಂದು ದಿನದಲ್ಲಿ ಇಷ್ಟು ಹಾಲನ್ನು ಒದಗಿಸುವುದು ಸಾಧ್ಯವಿರಲಿಲ್ಲ. ಆದುದರಿಂದಲೇ ಅಲ್ಲಿನ ಹಳ್ಳಿಗಳಲ್ಲಿ ಶತಮಾನಗಳ ಹಿಂದೆಯೇ ಹಾಲನ್ನು ಒಟ್ಟುಗೂಡಿಸುವ ಪದ್ಧತಿ ಬೆಳೆಯಿತು. ಫ್ರುಯಿಟಿಯೇರ್ ಎಂದು ಕರೆಯಲಾಗುವ ಈ ಘಟಕಗಳು ನಮ್ಮ ಹಾಲು ಉತ್ಪಾದಕರ ಸಹಕಾರ ಸಂಘಗಳನ್ನು ನೆನಪಿಸುತ್ತವೆ. ಬೇಸಿಗೆಯ ಹಾಲಿನ ಚಕ್ರಗಳು ಹಳದಿಯಾಗಿಯೂ ಚಳಿಗಾಲದವು ದಂತದ ಬಣ್ಣದವಾಗಿಯೂ ಇರುತ್ತವೆ. ಮಾಗಿದ ಚೀಸ್‌ಗೆ 20ಕ್ಕೆ ಅಂಕ ನೀಡುವ ಕ್ರಮವಿದ್ದು, 12ಕ್ಕಿಂತ ಕಡಿಮೆ ಅಂಕ ಪಡೆದದ್ದನ್ನು ಕೊಂತೆ ಎಂಬ ಹೆಸರಿನಲ್ಲಿ ಮಾರುವಂತಿಲ್ಲ.

ಬೆಟ್ಟದ ಹುಲ್ಲುಗಾವಲಿನ ಪರಿಮಳದ ಗಿಡಮೂಲಿಕೆಗಳೇ ನೇರವಾಗಿ ಚೀಸ್‌ನ ಘಮವಾಗುತ್ತವೆ ಎಂಬ ಮಾತು ಪ್ರಚಾರದಲ್ಲಿದೆ. ಇಂತಹ ಗಿಡಗಳಲ್ಲಿರುವ ಟರ್ಪೀನ್ ಎಂಬ ಪರಿಮಳದ್ರವ್ಯಗಳು ಹಾಲಿಗೆ ಮತ್ತು ಚೀಸ್‌ಗೆ ಬರುವುದು ನಿಜ. ಹಾಲಿನ ಮೂಲಸ್ಥಳವನ್ನು ಪತ್ತೆಹಚ್ಚಲು ಅವು ಗುರುತಾಗಿಯೂ ಉಪಯೋಗವಾಗುತ್ತವೆ. ಆದರೆ ಅವುಗಳ ಪ್ರಮಾಣ ಅತ್ಯಲ್ಪವಾದುದರಿಂದ ರುಚಿಯ ಮೇಲೆ ನೇರ ಪರಿಣಾಮ ಸೀಮಿತ. ಜಿಡ್ಡಿನ ರಚನೆ, ಹಾಲಿನಲ್ಲಿಯೇ ಇರುವ ಕಿಣ್ವಗಳು ಮತ್ತು ಹಸಿ ಹಾಲಿನ ಸೂಕ್ಷ್ಮಜೀವಿಗಳ ಮೂಲಕ ಆಗುವ ಪರೋಕ್ಷ ಪರಿಣಾಮವೇ ಹೆಚ್ಚಿನದು.

7. ರಸಮೇವಿನ ಪ್ರಶ್ನೆ: ಇಟಲಿಯ ಎರಡು ಚೀಸ್‌ಗಳು

ಕೊಂತೆಯಂತಹ ಚೀಸ್‌ಗಳಲ್ಲಿ ರಸಮೇವನ್ನು ಏಕೆ ನಿಷೇಧಿಸಲಾಗಿದೆ ಎಂಬುದಕ್ಕೆ ಇಟಲಿಯ ಎರಡು ಚೀಸ್‌ಗಳು ಉತ್ತರ ನೀಡುತ್ತವೆ. ಪಾರ್ಮಿಜಾನೊ ರೆಜ್ಜಾನೊ ಮತ್ತು ಗ್ರಾನಾ ಪಡಾನೊ ನೋಡಲು ಒಂದೇ ತೆರನಾದ, ಹಸಿ ಹಾಲಿನ, ಗಟ್ಟಿ ಚಕ್ರಗಳು. ತಯಾರಿಕಾ ವಿಧಾನವೂ ಬಹುಮಟ್ಟಿಗೆ ಸಮಾನ. ಮುಖ್ಯ ವ್ಯತ್ಯಾಸಗಳಲ್ಲಿ ಒಂದು ಮೇವಿನದು.

ರಸಮೇವನ್ನು ಗಾಳಿಯಾಡದಂತೆ ಮುಚ್ಚಿ ಹುದುಗಿಸಲಾಗುತ್ತದೆ. ಮಣ್ಣು ಬೆರೆತಾಗ ಅಥವಾ ಹುದುಗುವಿಕೆ ಸರಿಯಾಗದಿದ್ದಾಗ ಅದರಲ್ಲಿ ಕ್ಲಾಸ್ಟ್ರಿಡಿಯಂ ಗುಂಪಿನ ಬ್ಯಾಕ್ಟೀರಿಯಾಗಳು ಬೆಳೆದು ಬೀಜಾಣುಗಳನ್ನು ಉಂಟುಮಾಡುತ್ತವೆ. ಈ ಬೀಜಾಣುಗಳು ಹಸುವಿನ ಹೊಟ್ಟೆಯಲ್ಲಿ ಸಾಯದೆ ಸಗಣಿಯಲ್ಲಿ ಹೊರಬಂದು ಕೆಚ್ಚಲಿಗೆ ತಗುಲಿ ಹಾಲನ್ನು ಸೇರುತ್ತವೆ. ಪಾಶ್ಚರೀಕರಣದ ಶಾಖವೂ ಅವನ್ನು ಕೊಲ್ಲುವುದಿಲ್ಲ. ಚೀಸ್ ಮಾಗುತ್ತಿರುವಾಗ, ತಯಾರಿಸಿದ ವಾರಗಳ ಅಥವಾ ತಿಂಗಳುಗಳ ನಂತರ, ಅವು ಎಚ್ಚೆತ್ತು ಲ್ಯಾಕ್ಟಿಕ್ ಆಮ್ಲವನ್ನು ಬ್ಯೂಟಿರಿಕ್ ಆಮ್ಲವಾಗಿಯೂ ಅನಿಲಗಳಾಗಿಯೂ ಮಾರ್ಪಡಿಸುತ್ತವೆ. ಚಕ್ರ ಒಳಗಿನಿಂದ ಉಬ್ಬಿ, ಬಿರಿದು, ಕಮಟು ವಾಸನೆ ಬರುತ್ತದೆ. ಇದನ್ನು ತಡವಾದ ಉಬ್ಬರವೆಂದು ಕರೆಯಬಹುದು.

ಪಾರ್ಮಿಜಾನೊ ರೆಜ್ಜಾನೊ ಉತ್ಪಾದಕರು ಇದನ್ನು ಕೊಟ್ಟಿಗೆಯಲ್ಲಿಯೇ ತಡೆಯುತ್ತಾರೆ. ರಸಮೇವು ಹಾಗೂ ಹುದುಗಿಸಿದ ಮೇವು ಪೂರ್ಣ ನಿಷಿದ್ಧ. ಒರಟು ಮೇವಿನ ಒಣ ಅಂಶದಲ್ಲಿ ಕನಿಷ್ಠ ಅರ್ಧ ಭಾಗ ಸ್ವಂತ ಜಮೀನಿನದಾಗಿರಬೇಕು ಮತ್ತು ಕನಿಷ್ಠ ಮುಕ್ಕಾಲು ಭಾಗ ಮಾನ್ಯತೆ ಪಡೆದ ಪ್ರದೇಶದೊಳಗಿನದಾಗಿರಬೇಕು. ಹಾಲಿಗೆ ಸಂರಕ್ಷಕಗಳನ್ನು ಸೇರಿಸುವಂತಿಲ್ಲ.

ಗ್ರಾನಾ ಪಡಾನೊದಲ್ಲಿ ರಸಮೇವಿಗೆ ಅವಕಾಶವಿದೆ. ಬದಲಿಗೆ ಬೀಜಾಣುಗಳ ಬೆಳವಣಿಗೆಯನ್ನು ತಡೆಯಲು ಕೋಳಿಮೊಟ್ಟೆಯ ಬಿಳಿ ಭಾಗದಿಂದ ತೆಗೆದ ಲೈಸೊಜೈಮ್ ಎಂಬ ಕಿಣ್ವವನ್ನು ಸಾಮಾನ್ಯವಾಗಿ ಹಾಲಿಗೆ ಸೇರಿಸಲಾಗುತ್ತದೆ ಮತ್ತು ಇದನ್ನು ಲೇಬಲ್‌ನಲ್ಲಿ ನಮೂದಿಸಬೇಕಾಗುತ್ತದೆ. ಮೊಟ್ಟೆ ಸೇವಿಸದವರು ಹಾಗೂ ಮೊಟ್ಟೆಯಿಂದ ಅಲರ್ಜಿ ಇರುವವರು ಇದನ್ನು ಗಮನಿಸುವುದು ಸೂಕ್ತ. ಎರಡೂ ಮಾರ್ಗಗಳು ಕಾನೂನುಬದ್ಧ. ಒಂದು ಮೇವಿಗೆ ಹೆಚ್ಚು ವೆಚ್ಚ ಮಾಡುತ್ತದೆ, ಇನ್ನೊಂದು ಮೇವಿನಲ್ಲಿ ಉಳಿಸಿ ತಯಾರಿಕೆಯಲ್ಲಿ ಎಚ್ಚರ ವಹಿಸುತ್ತದೆ.

8. ಇದರ ಹಿಂದಿನ ಲೆಕ್ಕ

ಪಾರ್ಮಿಜಾನೊ ರೆಜ್ಜಾನೊದ ಸುಮಾರು 40 ಕಿಲೊ ತೂಕದ ಒಂದು ಚಕ್ರಕ್ಕೆ ಸುಮಾರು 550 ಲೀಟರ್ ಹಾಲು ಬೇಕು. ದಿನಕ್ಕೆ 25 ಲೀಟರ್ ಹಾಲು ಕೊಡುವ 22 ಹಸುಗಳ ಇಡೀ ಒಂದು ದಿನದ ಹಾಲು ಒಂದೇ ಚಕ್ರದಲ್ಲಿ ಅಡಗಿರುತ್ತದೆ. ಅದು ಮಾರಾಟಕ್ಕೆ ಅರ್ಹವಾಗಲು ಕನಿಷ್ಠ 12 ತಿಂಗಳು ಮಾಗಬೇಕು. ಅಂದರೆ ಮೇವು, ಕೂಲಿ, ಕಟ್ಟಡ ಮತ್ತು ಬಡ್ಡಿ ಎಲ್ಲವೂ ಒಂದು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಕಪಾಟಿನ ಮೇಲೆ ನಿಂತಿರುತ್ತವೆ. ಈ ಕಾರಣದಿಂದಲೇ ಇಟಲಿಯ ಕ್ರೆಡಿಟೊ ಎಮಿಲಿಯಾನೊ ಬ್ಯಾಂಕು ಮಾಗುತ್ತಿರುವ ಚಕ್ರಗಳನ್ನೇ ಅಡಮಾನವಾಗಿ ಇರಿಸಿಕೊಂಡು ಸಾಲ ನೀಡುವ ಪದ್ಧತಿಯನ್ನು ಇಟ್ಟುಕೊಂಡಿದೆ.

ಹನ್ನೆರಡು ತಿಂಗಳಾದ ಮೇಲೆ ಪರಿಣತರು ಪ್ರತಿ ಚಕ್ರವನ್ನೂ ಸಣ್ಣ ಸುತ್ತಿಗೆಯಿಂದ ತಟ್ಟಿ ಸದ್ದನ್ನು ಆಲಿಸುತ್ತಾರೆ. ಒಳಗೆ ಬಿರುಕು ಅಥವಾ ಟೊಳ್ಳು ಇದ್ದರೆ ಸದ್ದು ಬದಲಾಗುತ್ತದೆ. ಅನರ್ಹವಾದ ಚಕ್ರದ ಸಿಪ್ಪೆಯ ಮೇಲಿನ ಹೆಸರಿನ ಗುರುತುಗಳನ್ನು ಕೆರೆದು ತೆಗೆಯಲಾಗುತ್ತದೆ.

ಇಲ್ಲಿ ಮತ್ತೊಂದು ಅಂಶವಿದೆ. ಒಂದೇ ತೊಟ್ಟಿಗೆ ಹಲವರ ಹಾಲು ಸೇರುವಾಗ ಒಬ್ಬ ಸದಸ್ಯನ ಅಜಾಗರೂಕತೆಯ ನಷ್ಟವನ್ನು ಎಲ್ಲರೂ ಹೊರಬೇಕಾಗುತ್ತದೆ. ಅದೂ ಆ ದಿನವಲ್ಲ, ತಿಂಗಳುಗಳ ನಂತರ, ತಪ್ಪು ಯಾರದೆಂದು ಹೇಳಲಾಗದ ಕಾಲದಲ್ಲಿ. ಆದುದರಿಂದ ಮೇವಿನ ನಿಯಮಗಳು ಮೇಲುನೋಟಕ್ಕೆ ಕಟ್ಟುನಿಟ್ಟಾಗಿ ಕಂಡರೂ ಅವು ಸದಸ್ಯರು ಪರಸ್ಪರರಿಗೆ ನೀಡಿದ ಭರವಸೆಯೇ ಆಗಿವೆ.

9. ಮೇವಿನ ಪ್ರಭಾವದ ಮಿತಿ

ಚೀಸ್‌ನ ಎಲ್ಲ ರುಚಿಯೂ ಮೇವಿನಿಂದಲೇ ಬರುತ್ತದೆ ಎಂದು ತಿಳಿಯಬಾರದು. ಹೆಪ್ಪಿನ ಬ್ಯಾಕ್ಟೀರಿಯಾ, ಬೂಸು, ಉಪ್ಪು, ತೇವಾಂಶ, ಉಷ್ಣತೆ ಮತ್ತು ಮಾಗುವ ಅವಧಿಗಳ ಪಾತ್ರ ಬಹು ದೊಡ್ಡದು. ಹಾಲನ್ನು ಪಾಶ್ಚರೀಕರಿಸಿ, ಜಿಡ್ಡನ್ನು ಒಂದೇ ಮಟ್ಟಕ್ಕೆ ತಂದು, ಆಯ್ದ ಹೆಪ್ಪನ್ನು ಬಳಸುವ ದೊಡ್ಡ ಕಾರ್ಖಾನೆಗಳಲ್ಲಿ ಮೇವಿನ ಒಳ್ಳೆಯ ಗುಣಗಳು ಬಹಳಷ್ಟು ಮರೆಯಾಗುತ್ತವೆ. ಹಲವು ಚೀಸ್‌ಗಳನ್ನು ಕರಗಿಸಿ ಲವಣಗಳನ್ನು ಬೆರೆಸಿ ತಯಾರಿಸುವ ಸಂಸ್ಕರಿತ ಚೀಸ್‌ನಲ್ಲಿ ಅವು ಇನ್ನೂ ಕಡಿಮೆ. ಆದರೆ ಮೇವಿನ ದೋಷಗಳು ಹೀಗೆ ಮರೆಯಾಗುವುದಿಲ್ಲ. ಗುಣ ಕಳೆದುಹೋದರೂ ದೋಷ ಉಳಿಯುತ್ತದೆ ಎಂಬುದೇ ಇಲ್ಲಿ ಎಚ್ಚರ ವಹಿಸಬೇಕಾದ ಸಂಗತಿ.

10. ನಮ್ಮ ರಾಜ್ಯದ ಹಾಲು ಉತ್ಪಾದಕರಿಗೆ ಇದರ ಪ್ರಸ್ತುತತೆ

ನಮ್ಮಲ್ಲಿ ಹಾಲಿನ ಬಹುಪಾಲು ಹಾಲಾಗಿಯೇ ಮಾರಾಟವಾಗುತ್ತದೆ. ಆದರೂ ಪನೀರ್, ಖೋವಾ, ಪೇಡಾ, ಕುಂದಾ ಮತ್ತು ತುಪ್ಪಗಳಿಗೂ ಮೇಲಿನ ಸೂತ್ರವೇ ಅನ್ವಯಿಸುತ್ತದೆ. ಹಾಲು ಗಟ್ಟಿಯಾದಂತೆ ದೋಷವೂ ಗಟ್ಟಿಯಾಗುತ್ತದೆ. ಹಾಲಿನ ದರವನ್ನು ಜಿಡ್ಡು ಮತ್ತು ಜಿಡ್ಡೇತರ ಘನಾಂಶದ ಮೇಲೆ ನಿಗದಿಪಡಿಸಲಾಗುತ್ತದೆ. ಈ ಎರಡು ಅಂಕಿಗಳು ಹಾಲಿನ ವಾಸನೆಯನ್ನು ತಿಳಿಸುವುದಿಲ್ಲ. ಆದುದರಿಂದ ಸಂಘಗಳಲ್ಲಿ ಹಾಲು ಸ್ವೀಕರಿಸುವಾಗ ಮೂಸಿ ನೋಡುವ ಕ್ರಮವನ್ನು ಕೇವಲ ಶಾಸ್ತ್ರಕ್ಕೆಂದು ಮಾಡಬಾರದು.

ವಿಶೇಷವಾಗಿ ಪಾರ್ಥೇನಿಯಂ ಕಳೆಯ ಬಗ್ಗೆ ಎಚ್ಚರ ಅಗತ್ಯ. ಕಾಂಗ್ರೆಸ್ ಗಿಡವೆಂದು ಜನ ಕರೆಯುವ ಈ ಕಳೆ ಹುಲ್ಲಿನೊಂದಿಗೆ ಬೆರೆತು ರಾಸಿನ ಹೊಟ್ಟೆ ಸೇರಿದರೆ ಅದರಲ್ಲಿರುವ ಪಾರ್ಥೆನಿನ್ ಎಂಬ ಅಂಶ ಹಾಲನ್ನು ಕಹಿಯಾಗಿಸುತ್ತದೆ. ಹೆಚ್ಚು ಸೇವಿಸಿದರೆ ರಾಸಿನ ಆರೋಗ್ಯವೂ ಕೆಡುತ್ತದೆ.

11. ಪಾಲಿಸಬೇಕಾದ ಕ್ರಮಗಳು

1) ಈರುಳ್ಳಿ, ಬೆಳ್ಳುಳ್ಳಿ, ಎಲೆಕೋಸು, ಮೂಲಂಗಿ ಮುಂತಾದವುಗಳ ಉಳಿಕೆಯನ್ನು ಹಾಗೂ ರಸಮೇವನ್ನು ಹಾಲು ಕರೆದ ನಂತರವೇ ನೀಡುವುದು. ಕರೆಯುವುದಕ್ಕೆ ಮುಂಚಿನ 4ರಿಂದ 5 ಗಂಟೆಗಳ ಅವಧಿಯಲ್ಲಿ ಇವನ್ನು ನೀಡದಿರುವುದು.

2) ಪಾರ್ಥೇನಿಯಂ ಗಿಡಗಳನ್ನು ಹೂ ಬಿಡುವ ಮೊದಲೇ, ಕೈಗವಸು ಧರಿಸಿ, ಬೇರುಸಹಿತ ಕೀಳುವುದು. ಕೊಯ್ದ ಹುಲ್ಲಿನಿಂದ ಅದನ್ನು ಆರಿಸಿ ತೆಗೆಯುವುದು.

3) ರಸಮೇವು ತಯಾರಿಸುವಾಗ ಮಣ್ಣು ಸೇರದಂತೆ ನೋಡಿಕೊಂಡು, ಚೆನ್ನಾಗಿ ತುಳಿದು, ಗಾಳಿಯಾಡದಂತೆ ಮುಚ್ಚುವುದು. ಕೆಟ್ಟ ಭಾಗವನ್ನು ರಾಸುಗಳಿಗೆ ನೀಡದಿರುವುದು.

4) ಬೂಸು ಹಿಡಿದ ಹಿಂಡಿ, ಜೋಳ ಅಥವಾ ಮೇವನ್ನು ಬಳಸದಿರುವುದು. ಅದರಲ್ಲಿರಬಹುದಾದ ಅಫ್ಲಾಟಾಕ್ಸಿನ್ ವಿಷ ಹಾಲಿಗೆ ಬರುತ್ತದೆ. ಕಾಯಿಸಿದರೂ ಅದು ನಾಶವಾಗುವುದಿಲ್ಲ ಮತ್ತು ಕೇಸೀನ್‌ಗೆ ಅಂಟಿಕೊಳ್ಳುವುದರಿಂದ ಚೀಸ್‌ನಲ್ಲಿ ಹೆಚ್ಚು ಸಾಂದ್ರವಾಗುತ್ತದೆ. ಇದಕ್ಕೆ ರುಚಿಯಾಗಲೀ ವಾಸನೆಯಾಗಲೀ ಇರುವುದಿಲ್ಲ.

5) ಕರೆಯುವ ಮುನ್ನ ಕೆಚ್ಚಲನ್ನು ತೊಳೆದು ಒಣ ಬಟ್ಟೆಯಿಂದ ಒರೆಸುವುದು. ಮೊದಲ ಕೆಲವು ಧಾರೆಗಳನ್ನು ಬೇರೆ ಪಾತ್ರೆಗೆ ಕರೆದು ಪರೀಕ್ಷಿಸಿ ಚೆಲ್ಲುವುದು. ಕರೆಯುವ ಸಮಯದಲ್ಲಿ ಒಣಮೇವು ಕೊಡವಿ ಧೂಳೆಬ್ಬಿಸದಿರುವುದು.

6) ಆಡು ಸಾಕಣೆಯಲ್ಲಿ ಹೋತವನ್ನು ಹಾಲು ಕರೆಯುವ ಸ್ಥಳದಿಂದ ದೂರ ಕಟ್ಟುವುದು.

7) ಹಾಲನ್ನು ಅನಗತ್ಯವಾಗಿ ಕುಲುಕದೆ ಕೂಡಲೇ ಸಂಘಕ್ಕೆ ತಲುಪಿಸುವುದು ಅಥವಾ ತಂಪು ಮಾಡುವುದು.

12. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಹಳದಿ ಬಣ್ಣದ ಚೀಸ್ ಉತ್ತಮವಾದದ್ದೇ?
ಉತ್ತರ: ಬಣ್ಣವೊಂದರಿಂದಲೇ ನಿರ್ಧರಿಸಲಾಗದು. ಹಸಿರು ಮೇವಿನಿಂದ ಹಳದಿ ಬರುವುದು ನಿಜವಾದರೂ ಅನ್ನಾಟೊ ಬೀಜದ ಬಣ್ಣವನ್ನು ಸೇರಿಸುವ ರೂಢಿಯೂ ಬಹುಕಾಲದಿಂದ ಇದೆ. ಎಮ್ಮೆ ಹಾಲಿನ ಉತ್ತಮ ಚೀಸ್ ಬೆಳ್ಳಗೇ ಇರುತ್ತದೆ. ಲೇಬಲ್ ಓದುವುದು ಸೂಕ್ತ.

ಪ್ರಶ್ನೆ: ಹಾಗಾದರೆ ರಸಮೇವು ಕೊಡಬಾರದೇ?
ಉತ್ತರ: ಕೊಡಬಹುದು. ಬೇಸಿಗೆಯಲ್ಲಿ ಹಸಿರು ಮೇವಿನ ಕೊರತೆ ನೀಗಲು ರಸಮೇವು ಉತ್ತಮ ಸಾಧನ. ಕುಡಿಯುವ ಹಾಲಿಗೆ, ಮೊಸರಿಗೆ ಮತ್ತು ಬೇಗ ಬಳಸುವ ಪನೀರ್‌ಗೆ ಇದರಿಂದ ತೊಂದರೆಯಿಲ್ಲ. ರಸಮೇವಿನ ಗುಣಮಟ್ಟ ಮತ್ತು ಕೊಡುವ ಸಮಯ ಸರಿಯಾಗಿರಬೇಕು. ತಿಂಗಳುಗಟ್ಟಲೆ ಮಾಗಿಸುವ ಚೀಸ್‌ಗೆ ಹಾಲು ಪೂರೈಸುವವರು ಮಾತ್ರ ಮೊದಲೇ ಖರೀದಿದಾರರೊಂದಿಗೆ ಈ ಬಗ್ಗೆ ಚರ್ಚಿಸಬೇಕು.

ಪ್ರಶ್ನೆ: ಹಾಲಿನ ವಾಸನೆ ಮೇವಿನದೋ ರೋಗದ್ದೋ ತಿಳಿಯುವುದು ಹೇಗೆ?
ಉತ್ತರ: ಮೇವಿನ ವಾಸನೆ ಆ ಮೇವನ್ನು ನಿಲ್ಲಿಸಿದ ಒಂದೆರಡು ದಿನಗಳಲ್ಲಿ ಹೋಗುತ್ತದೆ. ಹೋಗದಿದ್ದಲ್ಲಿ, ಅಥವಾ ಹಾಲು ಉಪ್ಪುಪ್ಪಾಗಿದ್ದು ಕೆಚ್ಚಲು ಊದಿಕೊಂಡಿದ್ದಲ್ಲಿ, ಕೆಚ್ಚಲು ಬಾವಿನ ಸಾಧ್ಯತೆ ಇರುವುದರಿಂದ ತಕ್ಷಣ ಪಶುವೈದ್ಯರನ್ನು ಕಾಣಬೇಕು.

13. ಉಪಸಂಹಾರ

ಉತ್ತಮ ಚೀಸ್‌ನ ಹಿಂದೆ ಪರಿಣತ ತಯಾರಕನಂತೆಯೇ ಮೇವಿನ ಬಗ್ಗೆ ಎಚ್ಚರವಿರುವ ಸಾಕಣೆದಾರನೂ ಇರುತ್ತಾನೆ. ಜೂರಾ ಬೆಟ್ಟದ ರೈತನಿಗೂ ನಮ್ಮ ಊರಿನ ಹಾಲು ಉತ್ಪಾದಕನಿಗೂ ಹುಲ್ಲು, ಹವೆ ಮತ್ತು ತಳಿಗಳು ಬೇರೆ ಬೇರೆ. ಆದರೆ ರಾಸಿನ ಮುಂದೆ ಹಾಕುವ ಪ್ರತಿ ಹಿಡಿ ಮೇವೂ ಹಾಲಿನಲ್ಲಿ ಲೆಕ್ಕಕ್ಕೆ ಬರುತ್ತದೆ ಎಂಬುದು ಇಬ್ಬರಿಗೂ ಸಮಾನ. ಮೇವಿನ ಬೆಳೆ, ರಸಮೇವು ತಯಾರಿಕೆ ಮತ್ತು ಶುದ್ಧ ಹಾಲು ಉತ್ಪಾದನೆಯ ಬಗ್ಗೆ ಹೆಚ್ಚಿನ ಮಾಹಿತಿ ಬಯಸುವವರು ಸಮೀಪದ ಪಶುವೈದ್ಯಕೀಯ ಸಂಸ್ಥೆ, ಕೃಷಿ ವಿಜ್ಞಾನ ಕೇಂದ್ರ ಅಥವಾ ತಮ್ಮ ಹಾಲು ಒಕ್ಕೂಟದ ವಿಸ್ತರಣಾ ಸಿಬ್ಬಂದಿಯನ್ನು ಸಂಪರ್ಕಿಸಲು ಕೋರಲಾಗಿದೆ.